ಜರ್ಮನಿಗೆ ಹೊರಟಿದ್ದೇನೆ: ಪಬ್ಲಿಕ್ ಹೆಲ್ತ್ ಇನ್ಶೂರೆನ್ಸೋ ಪ್ರೈವೇಟೋ? ಏಜೆಂಟ್ ತಲೆ ತಿನ್ನುತ್ತಿದ್ದಾನೆ

ದಾವಣಗೆರೆ_ಬೆಣ್ಣೆ
ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್ 1ಕ್ಕೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ. ಬ್ಲೂ ಕಾರ್ಡ್ ವೀಸಾ (ನುರಿತ ಕೆಲಸಗಾರರಿಗೆ ಕೊಡೋದು) ಕೈಗೆ ಬಂದಿದೆ. ಸಂಬಳ ವರ್ಷಕ್ಕೆ 78,000 ಯೂರೋ. ಹೆಂಡತಿ ಮತ್ತು ಮೂರು ವರ್ಷದ ಮಗಳು ಜನವರಿಯಲ್ಲಿ ಬರುತ್ತಾರೆ. ಹೆಂಡತಿಗೆ ಅಲ್ಲಿ ಸದ್ಯಕ್ಕೆ ಕೆಲಸ ಇಲ್ಲ, ಮೊದಲು ಭಾಷೆ ಕಲಿಯಬೇಕು ಅಂತಿದ್ದಾಳೆ. ಎರಡನೇ ಮಗುವಿನ ಯೋಚನೆಯೂ ಇದೆ.

ಲಿಂಕ್ಡ್‌ಇನ್‌ನಲ್ಲಿ ಒಬ್ಬ ಇನ್ಶೂರೆನ್ಸ್ ಏಜೆಂಟ್ ಗಂಟುಬಿದ್ದಿದ್ದಾನೆ. ದಿನಾ ಮೆಸೇಜು. "ನಿಮ್ಮ ಸಂಬಳ ಮಿತಿ ದಾಟಿದೆ, ಹೊರದೇಶದಿಂದ ಹೊಸದಾಗಿ ಬರುವವರನ್ನು ಪಬ್ಲಿಕ್‌ನವರು ಸೇರಿಸಿಕೊಳ್ಳಲ್ಲ, ಪ್ರೈವೇಟೇ ಗತಿ" ಅಂತಾನೆ. ನನ್ನೊಬ್ಬನಿಗೆ ಅವನು ಹೇಳಿರುವ ರೇಟು ಪಬ್ಲಿಕ್‌ಗಿಂತ ಕಡಿಮೆಯೇ ಇದೆ. ಇದು ನಿಜವಾ? ಇನ್ನೊಂದು, ಅಪ್ಪ ಅಮ್ಮನನ್ನೂ ಮುಂದೆ ಕರೆಸಿಕೊಳ್ಳುವ ಆಸೆ ಇದೆ. ಅವರಿಗೂ ನನ್ನ ಇನ್ಶೂರೆನ್ಸ್‌ನಲ್ಲೇ ಆಗುತ್ತಾ?

ಹುಬ್ಬಳ್ಳಿ_ಮಂದಿ
ಏಜೆಂಟನ್ನ ಮೊದಲು ಬ್ಲಾಕ್ ಮಾಡ್ರಿ. ಆಮೇಲೆ ಮಾತಾಡೋಣ.

ನೆಕಾರ್_ದಂಡೆ
ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಿನ ಅರ್ಧವೇ ಮುಖ್ಯವಾದದ್ದು.

ನಿಜ ಏನು ಅಂದರೆ, ವರ್ಷಕ್ಕೆ 73,800 ಯೂರೋ (ಇದು 2025ರ ಮಿತಿ) ದಾಟಿದವರಿಗೆ ಪಬ್ಲಿಕ್ ಕಡ್ಡಾಯ ಅಲ್ಲ. ಅವರು ಬೇಕಾದರೆ ಪ್ರೈವೇಟ್‌ಗೆ ಹೋಗಬಹುದು. ಮಿತಿಗಿಂತ ಕೆಳಗಿದ್ದರೆ ಕೇಳುವಂತೆಯೇ ಇಲ್ಲ, ಪಬ್ಲಿಕ್ ಆಗಲೇಬೇಕು. ಸುಳ್ಳು ಏನು ಅಂದರೆ "ಸೇರಿಸಿಕೊಳ್ಳಲ್ಲ" ಅನ್ನೋದು. ಜರ್ಮನಿಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವವರ ಸಂಬಳ ಮಿತಿ ಮೀರಿದ್ದರೂ, ಸೇರಿದ ದಿನದಿಂದ ಮೂರು ತಿಂಗಳ ಒಳಗೆ ಅರ್ಜಿ ಹಾಕಿದರೆ ಪಬ್ಲಿಕ್‌ಗೆ ಬರಬಹುದು. ಕಾನೂನಿನಲ್ಲೇ ಇದೆ, ಸಾಮಾಜಿಕ ಸಂಹಿತೆಯ ಐದನೇ ಪುಸ್ತಕ, 9ನೇ ಸೆಕ್ಷನ್. ಮೊದಲು ಎಲ್ಲಿ ಇನ್ಶೂರೆನ್ಸ್ ಇತ್ತು, ಎಷ್ಟು ವರ್ಷ ಇತ್ತು ಅಂತ ಯಾರೂ ಕೇಳಲ್ಲ. ಮೂರು ತಿಂಗಳು ದಾಟಿದರೆ ಆ ಬಾಗಿಲು ಮುಚ್ಚುತ್ತದೆ. ಏಜೆಂಟ್ ಇದನ್ನು ಯಾಕೆ ಹೇಳಲ್ಲ ಅಂತ ನಾನು ಬಿಡಿಸಿ ಹೇಳಬೇಕಾ?

ಬರ್ಲಿನ್_ಬಸವ
ಶುರುವಾಯ್ತು. ಈ ಗುಂಪಿನಲ್ಲಿ ಪ್ರೈವೇಟ್ ಅಂದ ತಕ್ಷಣ ಎಲ್ಲರೂ ಮೈಮೇಲೆ ಬೀಳ್ತೀರಿ. ನಾನು ಪ್ರೈವೇಟ್‌ನಲ್ಲೇ ಇದ್ದೇನೆ, ಆರಾಮಾಗಿದ್ದೇನೆ. ವಯಸ್ಸು 29, ಮದುವೆ ಆಗಿಲ್ಲ, ಯಾವ ಕಾಯಿಲೆಯೂ ಇಲ್ಲ. ಪ್ರೀಮಿಯಂನ ಅರ್ಧ ಕಂಪನಿ ಕೊಡುತ್ತೆ. ಸ್ಕಿನ್ ಡಾಕ್ಟರ್ ಅಪಾಯಿಂಟ್‌ಮೆಂಟ್ ಅದೇ ವಾರ ಸಿಗುತ್ತೆ. ಪಬ್ಲಿಕ್‌ನಲ್ಲಿರುವ ನನ್ನ ರೂಮ್‌ಮೇಟ್ ತಿಂಗಳುಗಟ್ಟಲೆ ಕಾಯ್ತಾನೆ. ವರ್ಷಪೂರ್ತಿ ಬಿಲ್ ಕಳಿಸದಿದ್ದರೆ ಒಂದಿಷ್ಟು ದುಡ್ಡು ವಾಪಸ್ಸೂ ಬರುತ್ತೆ. ಇದರಲ್ಲಿ ತಪ್ಪೇನು?

ನೆಕಾರ್_ದಂಡೆ
ತಪ್ಪೇನಿಲ್ಲ ಬಸವ. ಆದರೆ ಅವರು 29 ವರ್ಷದ ಬ್ರಹ್ಮಚಾರಿ ಅಲ್ಲವಲ್ಲ! ಹೆಂಡತಿ, ಮಗಳು ಇದ್ದಾರೆ, ಇನ್ನೊಂದು ಮಗುವಿನ ಯೋಚನೆ ಇದೆ. ಪ್ರೈವೇಟ್‌ನಲ್ಲಿ ಪ್ರತಿ ತಲೆಗೂ ಬೇರೆ ಪ್ರೀಮಿಯಂ. ಪಬ್ಲಿಕ್‌ನಲ್ಲಿ ಸಂಪಾದನೆ ಇಲ್ಲದ ಹೆಂಡತಿ, ಮಕ್ಕಳು ಎಲ್ಲರೂ ಗಂಡನ ಕಾರ್ಡಿನ ಹಿಂದೆ ಒಂದು ಪೈಸೆ ಇಲ್ಲದೆ ಬರುತ್ತಾರೆ. ಏಜೆಂಟ್ ಒಬ್ಬರಿಗೆ ಮಾತ್ರ ರೇಟು ಹೇಳಿದ್ದಾನೆ, ಗಮನಿಸಿದ್ರಾ?

ಮಂಡ್ಯ_ಟು_ಮ್ಯೂನಿಕ್
ಲೆಕ್ಕ ಹಾಕಿ ತೋರಿಸ್ತೀನಿ, ಎಲ್ಲರೂ ಸುಮ್ನೆ ಬಾಯಲ್ಲೇ ಹೇಳ್ತಿದ್ದೀರಿ.

2025ಕ್ಕೆ ಮೂಲ ದರ 14.6%. ಅದರ ಮೇಲೆ ಪ್ರತಿ ಕ್ರಾಂಕನ್‌ಕಾಸ್ಸೆ (ಪಬ್ಲಿಕ್ ವಿಮೆ ನಡೆಸುವ ಸಂಸ್ಥೆ, ಚಿಕ್ಕದಾಗಿ ಕಾಸ್ಸೆ) ತನ್ನದೇ ಹೆಚ್ಚುವರಿ ದರ ಹಾಕುತ್ತದೆ, ಸರ್ಕಾರ ಲೆಕ್ಕಕ್ಕೆ ಇಟ್ಟಿರುವ ಸರಾಸರಿ 2.5%. ಎರಡರಲ್ಲೂ ಅರ್ಧ ನೀವು, ಅರ್ಧ ಕಂಪನಿ. ಇದನ್ನು ಪೂರ್ತಿ ಸಂಬಳಕ್ಕೆ ಹಾಕಲ್ಲ, ತಿಂಗಳಿಗೆ 5,512.50 ಯೂರೋವರೆಗೆ ಮಾತ್ರ. ನೀವು 78,000 ದುಡಿದರೂ ಅಷ್ಟೇ, ಎರಡು ಲಕ್ಷ ದುಡಿದರೂ ಅಷ್ಟೇ. ಅಂದರೆ ನಿಮ್ಮ ಪಾಲು ಸುಮಾರು 471. ಇದರ ಜೊತೆ ಆರೈಕೆ ವಿಮೆ ಅಂತ ಇನ್ನೊಂದು ಕಡ್ಡಾಯ ಇದೆ, ಮುದುಕರಾದಾಗ ನೋಡಿಕೊಳ್ಳೋರಿಗೆ ಕೊಡುವ ದುಡ್ಡು. ಮಗು ಇರುವವರಿಗೆ ಅದರಲ್ಲಿ ನಿಮ್ಮ ಪಾಲು 1.8%, ಸುಮಾರು 99. ಒಟ್ಟು ತಿಂಗಳಿಗೆ 570 ಯೂರೋ ಆಸುಪಾಸು. ಈ 570ಕ್ಕೆ ಮೂರು ಜನ. ನಾಳೆ ನಾಲ್ಕು ಜನ ಆದರೂ 570ರಲ್ಲೇ.

ದಾವಣಗೆರೆ_ಬೆಣ್ಣೆ
ಸರ್, ತುಂಬಾ ಥ್ಯಾಂಕ್ಸ್. ಹೆಂಡತಿ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಟ್ಯೂಷನ್ ಮಾಡ್ತಾಳೆ, ಅಲ್ಲಿಂದಲೂ ಮುಂದುವರಿಸಬೇಕು ಅಂತಿದ್ದಾಳೆ. ಅದು ತೊಂದರೆ ಆಗುತ್ತಾ?

ಮಂಡ್ಯ_ಟು_ಮ್ಯೂನಿಕ್
2025ರ ಲೆಕ್ಕದಲ್ಲಿ ತಿಂಗಳಿಗೆ 535 ಯೂರೋ ಒಳಗೆ ಇದ್ದರೆ ತೊಂದರೆ ಇಲ್ಲ. ಮಿನಿಜಾಬ್ (ಅಲ್ಪ ಸಂಬಳದ ಸಣ್ಣ ಕೆಲಸ) ಆದರೆ 556ವರೆಗೆ. ದಾಟಿದರೆ ಅವರೇ ಬೇರೆಯಾಗಿ ಕಟ್ಟಬೇಕು. ಸಂಪಾದನೆ ಕಡಿಮೆ ಇದ್ದರೂ ದಿನವಿಡೀ ಅದೇ ಸ್ವಂತ ಕೆಲಸ ಅಂತಾದರೂ ಒಪ್ಪಲ್ಲ. ಭಾರತದಿಂದ ಬರುವ ಬಾಡಿಗೆ, ಬಡ್ಡಿ ಕೂಡ ಲೆಕ್ಕಕ್ಕೆ ಬರುತ್ತದೆ, ಮರೀಬೇಡಿ. ವರ್ಷಕ್ಕೊಮ್ಮೆ ಫಾರಂ ಕಳಿಸಿ ಕೇಳುತ್ತಾರೆ.

ಬರ್ಲಿನ್_ಬಸವ
ಸರಿ, ಕುಟುಂಬ ಇದ್ದರೆ ಪಬ್ಲಿಕ್ ಲೆಕ್ಕ ಬೇರೆ, ಒಪ್ಪಿದೆ. ಆದರೆ ಈಗ ಪ್ರೈವೇಟ್ ತಗೊಂಡು ಮದುವೆ ಆದಮೇಲೆ ಪಬ್ಲಿಕ್‌ಗೆ ಬಂದರಾಯ್ತು ಅಲ್ವಾ? ನನ್ನ ಪ್ಲಾನ್ ಅದೇ.

ಹಳೇ_ಮೈಸೂರು
ಅಷ್ಟು ಸುಲಭ ಅಲ್ಲ ಮಗಾ. ಸಂಬಳ ಮಿತಿಗಿಂತ ಕೆಳಗೆ ಬಂದರೆ, ಅಥವಾ ಕೆಲಸ ಹೋಗಿ ನಿರುದ್ಯೋಗ ಭತ್ಯೆ ಬರುತ್ತಿದ್ದರೆ ತಾನಾಗಿ ಪಬ್ಲಿಕ್‌ಗೆ ಬರುತ್ತೀಯ. ಮದುವೆ ಆಯ್ತು, ಮಕ್ಕಳಾದರು ಅಂತ ಯಾರೂ ವಾಪಸ್ ಕರೆಯಲ್ಲ. ನಿನ್ನ ಸಂಬಳ ಏರುತ್ತಾ ಹೋದರೆ ವಾಪಸ್ ಬರೋದು ಹೇಗೆ? ಸಂಬಳ ಕಡಿಮೆ ಮಾಡಿ ಅಂತ ಮ್ಯಾನೇಜರ್ ಹತ್ತಿರ ಕೇಳ್ತೀಯಾ?

ಇನ್ನು 55 ದಾಟಿದವರ ಕಥೆ ಬೇರೆಯೇ. ಹಿಂದಿನ ಐದು ವರ್ಷದಲ್ಲಿ ಪಬ್ಲಿಕ್‌ನಲ್ಲಿ ಇರದಿದ್ದರೆ ಸಂಬಳ ಇಳಿದರೂ ಸೇರಿಸಿಕೊಳ್ಳಲ್ಲ. ನನಗೆ ಈಗ 57. ಶ್ರೋಡರ್ ಇಲ್ಲಿ ಚಾನ್ಸಲರ್ ಆಗಿದ್ದ ಕಾಲದಲ್ಲಿ, 2000ದಲ್ಲಿ ಐಟಿಯವರಿಗೆ ಗ್ರೀನ್ ಕಾರ್ಡ್ ಶುರು ಮಾಡಿದರಲ್ಲ, ಆ ಅಲೆಯಲ್ಲಿ ಬಂದವನು. ಆಗ ನಮ್ಮ ಕಂಪನಿಗೆ ಒಬ್ಬ ಬ್ರೋಕರ್ ಬಂದು ಎಲ್ಲರಿಗೂ ಒಂದೇ ಫಾರಂಗೆ ಸಹಿ ಹಾಕಿಸಿಕೊಂಡು ಹೋದ. ಜರ್ಮನ್ ಓದಲು ಬರುತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ. ಪ್ರೈವೇಟ್ ಪ್ರೀಮಿಯಂ ಸಂಬಳ ನೋಡಲ್ಲ. ನಾಳೆ ಪಿಂಚಣಿ ಬಂದರೂ ಹಾಗೇ ಇರುತ್ತೆ, ಏರುತ್ತಲೂ ಇರುತ್ತೆ. ಪಬ್ಲಿಕ್‌ನಲ್ಲಿ ಪಿಂಚಣಿಯ ಮೇಲೆ ಶೇಕಡಾವಾರು ಹಿಡಿಯುತ್ತಾರೆ. ಆದರೆ ಆ ಪಿಂಚಣಿದಾರರ ಸವಲತ್ತು ಪೂರ್ತಿ ಸಿಗಬೇಕಾದರೆ ದುಡಿಮೆಯ ಎರಡನೇ ಅರ್ಧದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪಬ್ಲಿಕ್‌ನಲ್ಲಿ ಕಳೆದಿರಬೇಕು.

ಬರ್ಲಿನ್_ಬಸವ
ನಾನು ಪಿಂಚಣಿ ತನಕ ಇಲ್ಲಿ ಇರಲ್ಲ ಸರ್. ಐದು ವರ್ಷ ದುಡಿದು ಊರಿಗೆ ವಾಪಸ್.

ಹಳೇ_ಮೈಸೂರು
ನಮ್ಮ ಬ್ಯಾಚಿನಲ್ಲಿ ಎಲ್ಲರೂ ಇದೇ ಹೇಳುತ್ತಿದ್ದರು. 🙂

ಕುಂದಾಪುರದವ
ಹ್ಹಹ್ಹ. ಐದು ವರ್ಷದವರೆಲ್ಲ ಈಗ ಇಲ್ಲಿ ಮನೆ ಕಟ್ಟಿಸಿ ಲೋನ್ ಕಟ್ತಿದ್ದಾರೆ ಮಾರಾಯ್ರೆ.

ಸೊಪ್ಪಿನ_ಹುಳಿ
ಎರಡನೇ ಮಗುವಿನ ವಿಷಯ ಯಾರೂ ಮಾತಾಡಲಿಲ್ಲ, ಅದನ್ನು ನಾನು ಹೇಳ್ತೀನಿ. ಪಬ್ಲಿಕ್‌ನಲ್ಲಿ ಕಾಯುವ ಅವಧಿ ಅಂತ ಇಲ್ಲ. ಸೇರಿದ ದಿನದಿಂದ ಎಲ್ಲವೂ ಇದೆ. ಪ್ರೈವೇಟ್‌ನಲ್ಲಿ ಸಾಮಾನ್ಯವಾಗಿ ಹೆರಿಗೆಗೆ ಎಂಟು ತಿಂಗಳ ಕಾಯುವ ಅವಧಿ ಇರುತ್ತದೆ, ಹಲ್ಲಿನ ಚಿಕಿತ್ಸೆಗೂ ಹಾಗೇ. ಸೇರುವಾಗ ಹಳೇ ಕಾಯಿಲೆಗಳ ಪಟ್ಟಿ ಕೇಳುತ್ತಾರೆ. ಥೈರಾಯ್ಡ್ ಇದೆ ಅಂದರೆ ಪ್ರೀಮಿಯಂ ಏರಬಹುದು, ಬೇಡ ಅಂತಲೂ ಹೇಳಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಥೈರಾಯ್ಡ್ ಎಷ್ಟು ಜನಕ್ಕಿದೆ ಹೇಳಿ!

ನನ್ನ ಮಗಳು ಇಲ್ಲೇ ಹುಟ್ಟಿದ್ದು. ಸ್ಕ್ಯಾನ್, ಹೆರಿಗೆ, ಆಸ್ಪತ್ರೆ ಯಾವುದಕ್ಕೂ ಬಿಲ್ ಅಂತ ಕಾಗದವೇ ಬರಲಿಲ್ಲ. ಅದಕ್ಕಿಂತ ಇಷ್ಟವಾಗಿದ್ದು ಹೆಬಾಮೆ, ಸೂಲಗಿತ್ತಿ. ಮಗು ಹುಟ್ಟಿ ಹನ್ನೆರಡು ವಾರದವರೆಗೆ ಮನೆಗೇ ಬಂದು ನೋಡುವ ವ್ಯವಸ್ಥೆ ಇದೆ, ಅದಕ್ಕೂ ಕಾಸ್ಸೆಯೇ ದುಡ್ಡು ಕೊಡುತ್ತದೆ. ಅಮ್ಮನಿಗೆ ವೀಸಾ ತಡವಾಗಿತ್ತು. ಮಗುವಿಗೆ ಹಾಲು ಕುಡಿಸೋದರಿಂದ ಹಿಡಿದು ಸ್ನಾನದವರೆಗೆ ಆಕೆಯೇ ಕಲಿಸಿಕೊಟ್ಟರು. ಒಂದೇ ಜಗಳ ಆಗಿದ್ದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ವಿಷಯಕ್ಕೆ. ಅವರು ವಾರಕ್ಕೊಮ್ಮೆ ಸ್ನಾನ ಸಾಕು ಅಂದರು. ಅಮ್ಮ ಬಂದಮೇಲೆ ಫೋನಿನಲ್ಲಿ ಇಡೀ ಶಿವಮೊಗ್ಗಕ್ಕೆ ಹೇಳಿದ್ದಾರೆ.

ಬಸುರಿ ಅಂತ ಗೊತ್ತಾದ ತಕ್ಷಣ ಹೆಬಾಮೆ ಹುಡುಕಲು ಶುರು ಮಾಡಬೇಕು. ಐದನೇ ತಿಂಗಳಲ್ಲಿ ಫೋನ್ ಮಾಡಿದರೆ ಯಾರೂ ಖಾಲಿ ಇರಲ್ಲ.

ಓದುವ_ಹುಡುಗ
ವಿದ್ಯಾರ್ಥಿಗಳ ಬಗ್ಗೆಯೂ ಯಾರಾದರೂ ಹೇಳಿ. ನಾನು ಮುಂದಿನ ವರ್ಷ ಏಪ್ರಿಲ್‌ಗೆ ಎಂಎಸ್‌ಗೆ ಬರ್ತೀನಿ. ವೀಸಾಗೆ ಅಂತ ಬೆಂಗಳೂರಿನ ಕನ್ಸಲ್ಟೆನ್ಸಿಯವರು ತಿಂಗಳಿಗೆ ಮೂವತ್ತು ಯೂರೋ ಚಿಲ್ಲರೆಯ ಪಾಲಿಸಿ ತಗೋ ಅಂತಿದ್ದಾರೆ. ಪಬ್ಲಿಕ್ ನೂರ ನಲವತ್ತು ಯೂರೋ ದಾಟುತ್ತೆ ಅಂತ ಕೇಳಿದೆ.

ಹುಬ್ಬಳ್ಳಿ_ಮಂದಿ
ಬ್ಯಾಡ ತಮ್ಮಾ. ಒಮ್ಮೆ ಪ್ರೈವೇಟ್ ಅಂತ ಬರಕೊಟ್ಟರ ಜೀವನಪೂರ್ತಿ ಪಬ್ಲಿಕ್ ಇಲ್ಲ.

ನೆಕಾರ್_ದಂಡೆ
ಜೀವನಪೂರ್ತಿ ಅಲ್ಲ ಹುಬ್ಬಳ್ಳಿಯವರೇ. ಯೂನಿವರ್ಸಿಟಿಯಲ್ಲಿ ಹೆಸರು ಹಚ್ಚುವಾಗ ಪಬ್ಲಿಕ್ ಬೇಡ ಅಂತ ವಿನಾಯಿತಿ ತಗೊಂಡರೆ ಆ ಓದು ಮುಗಿಯುವವರೆಗೆ ವಾಪಸ್ ಬರಲಾಗಲ್ಲ. ಓದು ಮುಗಿದು ಕೆಲಸ ಸಿಕ್ಕಿ, ಸಂಬಳ ಮಿತಿಯ ಒಳಗಿದ್ದರೆ ತಾನಾಗಿ ಪಬ್ಲಿಕ್. ಆದರೂ ತಮ್ಮನಿಗೆ ನನ್ನ ಸಲಹೆ ಅದೇ: ಆ ಮೂವತ್ತು ಯೂರೋ ಪಾಲಿಸಿಯನ್ನು ಬಂದಿಳಿದ ಮೊದಲ ಕೆಲವು ದಿನಗಳಿಗೆ ಮಾತ್ರ ಇಟ್ಟುಕೊ. ಹೆಸರು ಹಚ್ಚುವಾಗ ಪಬ್ಲಿಕ್ ತಗೋ. ನಿನಗೆ ವಯಸ್ಸೆಷ್ಟು?

ಓದುವ_ಹುಡುಗ
28 ಅಕ್ಕ. ನಾಲ್ಕು ವರ್ಷ ಇನ್ಫಿಯಲ್ಲಿ ಕೆಲಸ ಮಾಡಿ ಓದಲು ಬರ್ತಿದ್ದೇನೆ.

ನೆಕಾರ್_ದಂಡೆ
ಹಾಗಾದರೆ ಇನ್ನೂ ಗಮನ ಇರಲಿ. ವಿದ್ಯಾರ್ಥಿ ದರ 30 ತುಂಬುವವರೆಗೆ ಮಾತ್ರ. ಆ ಸೆಮಿಸ್ಟರ್ ಮುಗಿದ ಮೇಲೆ ಸ್ವಂತವಾಗಿ ಜಾಸ್ತಿ ದುಡ್ಡು ಕಟ್ಟಿ ಮುಂದುವರಿಯಬೇಕು. ಮುಂದುವರಿಯಬೇಕಾದರೂ ಮೊದಲು ಒಳಗೆ ಇದ್ದಿರಬೇಕು. ಬರೀ ಭಾಷಾ ಕೋರ್ಸಿಗೆ ಬರುವವರಿಗೆ ವಿದ್ಯಾರ್ಥಿ ದರವೇ ಇಲ್ಲ, ಅದನ್ನೂ ಕನ್ಸಲ್ಟೆನ್ಸಿಯವರು ಹೇಳಲ್ಲ.

ಲಂಡನ್_ಲಿಂಬು
ನಿಮ್ಮದೆಲ್ಲ ಓದಿ ನಮ್ಮದೇ ವಾಸಿ ಅನ್ನಿಸಿತು. ಇಲ್ಲಿ ಆಯ್ಕೆಯ ತಲೆನೋವೇ ಇಲ್ಲ. ವೀಸಾ ಅರ್ಜಿ ಹಾಕುವಾಗಲೇ ಹೆಲ್ತ್ ಸರ್ಚಾರ್ಜ್ ಅಂತ ಒಬ್ಬರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ ಮತ್ತು ವಿದ್ಯಾರ್ಥಿಗಳಿಗೆ 776. ವೀಸಾ ಎಷ್ಟು ವರ್ಷವೋ ಅಷ್ಟನ್ನೂ ಒಟ್ಟಿಗೆ ಮುಂಗಡವಾಗಿ ಕಟ್ಟಬೇಕು. ಆಮೇಲೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಪೂರ್ತಿ ನಿಮ್ಮದು.

ಮಂಡ್ಯ_ಟು_ಮ್ಯೂನಿಕ್
ವಾಸಿ ಅಂತೀರಲ್ಲ! ಗಂಡ, ಹೆಂಡತಿ, ಒಂದು ಮಗು, ಐದು ವರ್ಷ ಅಂದರೆ 14,000 ಪೌಂಡ್ ದಾಟಿತು, ವಿಮಾನ ಹತ್ತೋಕೆ ಮುಂಚೆಯೇ. ಆಮೇಲೆ ಸಂಬಳದಲ್ಲಿ ತೆರಿಗೆ ಬೇರೆ.

ಲಂಡನ್_ಲಿಂಬು
ಅದನ್ನು ನೆನಪಿಸಬೇಡಿ. ಕಂಪನಿ ಕಟ್ಟಿತು ಅನ್ನೋದೇ ಸಮಾಧಾನ.

ದಾವಣಗೆರೆ_ಬೆಣ್ಣೆ
ಅಪ್ಪ ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅಪ್ಪನಿಗೆ 67, ಶುಗರ್ ಇದೆ. ಅಮ್ಮನಿಗೆ 62, ಬಿಪಿ. 2024ರಿಂದ ಜರ್ಮನಿಗೆ ತಂದೆ ತಾಯಿಯನ್ನು ಕರೆಸಿಕೊಳ್ಳಬಹುದು ಅಂತ ಯೂಟ್ಯೂಬ್‌ನಲ್ಲಿ ನೋಡಿದೆ.

ಹಳೇ_ಮೈಸೂರು
ಕಾನೂನು ಬಂದಿರೋದು ನಿಜ. 2024ರ ಮಾರ್ಚ್ 1 ಅಥವಾ ಅದರ ನಂತರ ಮೊದಲ ಸಲ ಬ್ಲೂ ಕಾರ್ಡ್‌ನಂಥ ಪರವಾನಗಿ ಸಿಕ್ಕವರು ತಂದೆ ತಾಯಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಹೆಂಡತಿಯೂ ಇಲ್ಲೇ ನೆಲೆಸಿದ್ದರೆ ಅತ್ತೆ ಮಾವನಿಗೂ. ಮೊದಲೇ ಬಂದ ನಮಗೆ ಇಲ್ಲ, ಹೊಸಬರಾದ ನಿಮಗೆ ಇದೆ!

ಆದರೆ ಯೂಟ್ಯೂಬಿನವರು ಅಲ್ಲಿಗೆ ವಿಡಿಯೋ ನಿಲ್ಲಿಸುತ್ತಾರೆ. ಅವರ ಖರ್ಚು ಪೂರ್ತಿ ನಿಮ್ಮ ಮೇಲೆ ಅನ್ನೋದರ ಜೊತೆಗೆ, ಪೂರ್ತಿ ಆರೋಗ್ಯ ವಿಮೆ ಇದೆ ಅಂತ ತೋರಿಸಬೇಕು. ಪಬ್ಲಿಕ್‌ನ ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು. ತಂದೆ ತಾಯಿ ಅದರಲ್ಲಿ ಬರಲ್ಲ. ಹೊರಗಿನಿಂದ ನೇರವಾಗಿ ಬರುವ 67 ವರ್ಷದವರಿಗೆ ಪಬ್ಲಿಕ್‌ಗೆ ಸೇರಲು ದಾರಿಯೂ ಇಲ್ಲ. ಉಳಿದದ್ದು ಪ್ರೈವೇಟ್. ಅವರು ವಯಸ್ಸು ನೋಡ್ತಾರೆ, ಶುಗರ್ ನೋಡ್ತಾರೆ, ಆಮೇಲೆ ಬೇಡ ಅಂತಾರೆ, ಇಲ್ಲವಾದರೆ ಕೈಗೆ ಎಟುಕದ ದರ ಹೇಳ್ತಾರೆ. ನನ್ನ ಗೆಳೆಯನ ಮಗ ಕೇಳಿದ ಕಡೆಯೆಲ್ಲ ಇದೇ ಉತ್ತರ ಬಂತು. ಪ್ರವಾಸಿಗರ ಪಾಲಿಸಿ ತೋರಿಸಿದರೆ ಅವನ ಊರಿನ ವಿದೇಶಿಯರ ಕಚೇರಿ ಒಪ್ಪಲಿಲ್ಲ. ವೀಸಾ ಸಿಗುವ ಕಾನೂನು ಮಾಡಿ, ವಿಮೆ ಸಿಗದಂತೆ ಬಿಟ್ಟಿದ್ದಾರೆ.

ಹುಬ್ಬಳ್ಳಿ_ಮಂದಿ
ಇದು ಬಾಗಿಲ ತೆಗದು ಹೊಸ್ತಿಲಕ್ಕ ಮುಳ್ಳ ಹಾಕಿದಂಗಾತು ನೋಡ್ರಿ.

ಕುಂದಾಪುರದವ
ನಾವು ಬೇಸಿಗೆಗೆ ಮೂರು ತಿಂಗಳು ಕರೆಸಿಕೊಳ್ಳೋದು, ಅಷ್ಟೇ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಪಾಲಿಸಿ ಕಡ್ಡಾಯ, 180 ದಿನದಲ್ಲಿ 90 ದಿನ ಇರಬಹುದು. ಆದರೆ ಪಾಲಿಸಿ ಓದಿ ಮಾರಾಯ್ರೆ. ಹೆಚ್ಚಿನವು ಮೊದಲಿಂದ ಇರುವ ಕಾಯಿಲೆಗೆ ದುಡ್ಡು ಕೊಡಲ್ಲ. ನಮ್ಮ ಮಾವನಿಗೆ ಇಲ್ಲಿ ರಾತ್ರಿ ಶುಗರ್ ಇಳಿದು ಎಮರ್ಜೆನ್ಸಿಗೆ ಹೋಗಬೇಕಾಯಿತು. ಶುಗರ್ ಹಳೆಯದು ಅಂತ ಪಾಲಿಸಿಯವರು ಕೈ ಎತ್ತಿದರು. ಬಿಲ್ ಕಂತಿನಲ್ಲಿ ಕಟ್ಟಿದೆವು. ಈಗ ಅವರು ಬರುವಾಗ ಮೂರು ತಿಂಗಳ ಮಾತ್ರೆ, ಡಾಕ್ಟರ್ ಚೀಟಿ, ಶುಗರ್ ಮಷೀನ್ ಎಲ್ಲ ಕೈಚೀಲದಲ್ಲೇ.

ಸೊಪ್ಪಿನ_ಹುಳಿ
ಊರಲ್ಲಿ ಅವರಿಗೆ ಒಳ್ಳೇ ಪಾಲಿಸಿ ಮಾಡಿಸೋದು ಹೆಚ್ಚು ಉಪಯೋಗ. ಮೊದಲು 65 ದಾಟಿದವರಿಗೆ ಹೊಸ ಪಾಲಿಸಿ ಸಿಗೋದೇ ಕಷ್ಟ ಇತ್ತು. 2024ರ ಏಪ್ರಿಲ್‌ನಿಂದ ಆ ವಯಸ್ಸಿನ ಮಿತಿ ತೆಗೆದಿದ್ದಾರೆ, ಹಳೇ ಕಾಯಿಲೆಗೆ ಕಾಯುವ ಅವಧಿಯೂ ಹೆಚ್ಚೆಂದರೆ ಮೂರು ವರ್ಷ. ನೀವು ಹೊರಡುವ ಮುಂಚೆಯೇ ಮಾಡಿಸಿಬಿಡಿ, ಆ ಮೂರು ವರ್ಷ ಈಗಲೇ ಓಡಲು ಶುರುವಾಗಲಿ. ಮನಸ್ಸಿಗೆ ಕಷ್ಟ ಆಗುತ್ತೆ, ಗೊತ್ತು. ನಮ್ಮಮ್ಮನೂ ಒಬ್ಬರೇ ಇದ್ದಾರೆ.

ದಾವಣಗೆರೆ_ಬೆಣ್ಣೆ
ಹೂಂ ಅಕ್ಕ. ಈ ವಾರವೇ ವಿಚಾರಿಸ್ತೀನಿ. ಅಪ್ಪನಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೇನೆ. ಪಬ್ಲಿಕ್‌ಗೆ ಸೇರೋದು ಹೇಗೆ, ಕ್ರಮ ಹೇಳ್ತೀರಾ ಯಾರಾದ್ರೂ?

ಮಂಡ್ಯ_ಟು_ಮ್ಯೂನಿಕ್
ಯಾವುದಾದರೂ ಒಂದು ಕಾಸ್ಸೆ ಆರಿಸಿ. ಟಿಕೆ, ಎಓಕೆ, ಬಾರ್ಮರ್, ಡಿಎಕೆ ಹೀಗೆ ಬೇಕಾದಷ್ಟಿವೆ. ಸೌಲಭ್ಯಗಳು ಬಹುತೇಕ ಕಾನೂನಿನಲ್ಲೇ ನಿಗದಿಯಾಗಿವೆ. ವ್ಯತ್ಯಾಸ ಇರೋದು ಹೆಚ್ಚುವರಿ ದರ, ಆ್ಯಪ್, ಇಂಗ್ಲಿಷಿನಲ್ಲಿ ಮಾತಾಡ್ತಾರಾ ಅನ್ನೋದರಲ್ಲಿ. ಆನ್‌ಲೈನ್ ಅರ್ಜಿ ಹಾಕಿ, ಕಾಸ್ಸೆ ಹೆಸರು ಎಚ್‌ಆರ್‌ಗೆ ಹೇಳಿ, ಉಳಿದದ್ದು ಅವರು ನೋಡಿಕೊಳ್ತಾರೆ. ಇಷ್ಟವಾಗದಿದ್ದರೆ ಹನ್ನೆರಡು ತಿಂಗಳ ನಂತರ ಬೇರೆ ಕಾಸ್ಸೆಗೆ ಹೋಗಬಹುದು.

ನಿಮ್ಮ ಕವರ್ ಕೆಲಸ ಶುರುವಾಗುವ ಡಿಸೆಂಬರ್ 1ರಿಂದ. ಮೊದಲೇ ಬಂದಿಳಿದರೆ ಆ ದಿನಗಳಿಗೆ ಟ್ರಾವೆಲ್ ಪಾಲಿಸಿ ಇರಲಿ. ಇನ್ನೊಂದು ಮುಖ್ಯ: ಪೋಸ್ಟ್ ಡಬ್ಬದ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ಮನೆ ನಂಬರ್ ನೋಡಿ ಕಾಗದ ಹಾಕಲ್ಲ, ಡಬ್ಬದ ಮೇಲಿನ ಹೆಸರು ನೋಡಿ ಹಾಕ್ತಾರೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿದ್ದರೆ ಅದನ್ನೇ ಅಂಟಿಸಿ. ಪೋಸ್ಟಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಬರುವ ಮುಂಚೆ ಜ್ವರ ಬಂದರೆ ಕಾಸ್ಸೆಯಿಂದ ಬದಲಿ ಪತ್ರ ತರಿಸಿಕೊಂಡು ಡಾಕ್ಟರಿಗೆ ತೋರಿಸಿ.

ಹಳೇ_ಮೈಸೂರು
ಒಂದು ಸೇರಿಸ್ತೀನಿ. 2026ಕ್ಕೆ ಮಿತಿ 77,400ಕ್ಕೆ ಏರುತ್ತಿದೆ. ನಿಮ್ಮ 78,000 ಕೂದಲೆಳೆಯಷ್ಟು ಮೇಲಿದೆ. ಮುಂದಿನ ಏರಿಕೆಗೆ ನೀವು ಕೆಳಗೆ ಬಿದ್ದು ಹೇಗೂ ಕಡ್ಡಾಯ ಪಬ್ಲಿಕ್ ಆಗಬಹುದು. ಶುಲ್ಕವೂ ಏರುತ್ತದೆ, ಜನವರಿಯಿಂದ ನಿಮ್ಮ ಪಾಲು 600 ದಾಟುತ್ತದೆ ಅಂತ ಇಟ್ಟುಕೊಳ್ಳಿ.

ಬರ್ಲಿನ್_ಬಸವ
ನೋಡಿ, 600 ಕಟ್ಟಿ ಏನು ಸಿಗುತ್ತೆ? ಡಾಕ್ಟರ್ ಹತ್ತಿರ ಹೋದರೆ "ಟೀ ಕುಡಿ, ಮಲಗು" ಅಂತ ಕಳಿಸ್ತಾರೆ.

ಕುಂದಾಪುರದವ
ಅದು ನಿಮ್ಮ ಪ್ರೈವೇಟ್‌ನವರಿಗೂ ಹೇಳೋದು ಅದೇ ಟೀ ಮಾರಾಯ್ರೆ. ನೀವು ಅದಕ್ಕೆ ಬಿಲ್ಲೂ ಕಟ್ತೀರಿ.

ನೆಕಾರ್_ದಂಡೆ
😂 ಏನು ಸಿಗುತ್ತೆ ಅಂತ ಕೇಳಿದೆಯಲ್ಲ ಬಸವ. ನನ್ನ ಗಂಡನಿಗೆ ಬೆನ್ನಿನ ಆಪರೇಷನ್ ಆಯ್ತು. ಆಸ್ಪತ್ರೆಗೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನ. ಔಷಧಿಗೆ ಒಂದಕ್ಕೆ 5ರಿಂದ 10 ಯೂರೋ. ಮೊದಲ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಟ್ಟಿತು, ಆಮೇಲೆ ಕಾಸ್ಸೆ ಕಡಿತಕ್ಕೆ ಮುಂಚಿನ ಸಂಬಳದ 70% ಕೊಟ್ಟಿತು. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ ಹೀಗೆ ಸಿಗುತ್ತದೆ. ಪ್ರೈವೇಟ್‌ನಲ್ಲಿ ಇದನ್ನು ಬೇರೆಯಾಗಿ ಸೇರಿಸಿಕೊಂಡಿದ್ದೀಯಾ, ಒಮ್ಮೆ ಕಾಗದ ತೆಗೆದು ನೋಡು.

ಸ್ಪೆಷಲಿಸ್ಟ್‌ಗೆ ಕಾಯಬೇಕು ಅನ್ನೋದು ನಿಜ, ಅದನ್ನು ಮುಚ್ಚಿಡಲ್ಲ. ಮನೆ ಡಾಕ್ಟರ್ ಹತ್ತಿರ ಕೋಡ್ ಇರುವ ಚೀಟಿ ಕೇಳಿ ಅಪಾಯಿಂಟ್‌ಮೆಂಟ್ ಕೊಡಿಸುವ 116117 ನಂಬರಿಗೆ ಫೋನ್ ಮಾಡಿ, ಬೇಗ ಸಿಗುತ್ತೆ. ಡಾಕ್ಟರನ್ನು ನೀವು ಆರಿಸುವಂತಿಲ್ಲ, ಅವರು ಕೊಟ್ಟಲ್ಲಿಗೆ ಹೋಗಬೇಕು.

ಬರ್ಲಿನ್_ಬಸವ
ಸಂಬಳದ್ದು ನೋಡ್ತೀನಿ. ನೋಡಿದೆ. ದಿನಕ್ಕೆ ಇಂತಿಷ್ಟು ಅಂತ ಇದೆ, ಆದರೆ ಕಡಿಮೆ. ಅದನ್ನು ಜಾಸ್ತಿ ಮಾಡಿಸ್ತೀನಿ. ಆದರೂ ಪ್ರೈವೇಟ್ ಬಿಡಲ್ಲ.

ದಾವಣಗೆರೆ_ಬೆಣ್ಣೆ
ಪಬ್ಲಿಕ್‌ಗೆ ಅರ್ಜಿ ಹಾಕಿದೆ. ಏಜೆಂಟ್‌ಗೆ ಹೇಳಿದ ಮೇಲೆ ಅವನಿಂದ ಮೆಸೇಜ್ ಇಲ್ಲ. ಹೆಂಡತಿ ಕೇಳ್ತಿದ್ದಾಳೆ, ಹಲ್ಲು ಮತ್ತು ಕನ್ನಡಕ ಇದರಲ್ಲಿ ಬರುತ್ತಾ ಅಂತ.

ಸೊಪ್ಪಿನ_ಹುಳಿ
ಹಲ್ಲು ಅರ್ಧಂಬರ್ಧ. ತಪಾಸಣೆ, ಸಾಧಾರಣ ಫಿಲ್ಲಿಂಗ್ ಬರುತ್ತೆ. ಕ್ಯಾಪ್ ಹಾಕಿಸಬೇಕಾದರೆ ಸಾಧಾರಣ ಚಿಕಿತ್ಸೆಯ ಖರ್ಚಿನ 60% ಕೊಡ್ತಾರೆ. ಐದು ವರ್ಷ ತಪ್ಪದೆ ತಪಾಸಣೆ ಮಾಡಿಸಿದ ದಾಖಲೆ ಇದ್ದರೆ 70%, ಹತ್ತು ವರ್ಷಕ್ಕೆ 75%. ಅದಕ್ಕೆ ಒಂದು ಬೋನಸ್ ಪುಸ್ತಕ ಕೊಡ್ತಾರೆ, ಹಲ್ಲಿನ ಡಾಕ್ಟರ್ ಹತ್ತಿರ ಮೊದಲ ಸಲ ಹೋದಾಗಲೇ ಕೇಳಿ ತಗೊಳ್ಳಿ. ದೊಡ್ಡವರ ಕನ್ನಡಕಕ್ಕೆ ಬರಲ್ಲ, ತುಂಬಾ ದೊಡ್ಡ ನಂಬರ್ ಇದ್ದರೆ ಮಾತ್ರ. ಮಗಳದ್ದು ಬರುತ್ತೆ.

ಕುಂದಾಪುರದವ
ಕನ್ನಡಕ ಊರಲ್ಲೇ ಎರಡು ಜೊತೆ ಮಾಡಿಸಿಕೊಂಡು ಬರಲಿ. ಇಲ್ಲಿನ ಬೆಲೆ ಕೇಳಿದರೆ ಕಣ್ಣೇ ಬೇಡ ಅನ್ನಿಸುತ್ತೆ.